ಸೆಕೆಂಡ್ಸ್ ಹಾಡುತ್ತಿದ್ದ ನೋರ್ಬರ್ಟ್

ನೋರ್ಬರ್ಟ್ ರೆಬೆಲ್ಲೊನ ದನಿ ಹನ್ನೆರಡನೆಯ ವಯಸ್ಸಿನಲ್ಲಿ ಒಡೆದು, ಮೂರು ತಿಂಗಳು ಕಪ್ಪೆಯಂತೆ ವಟಗುಟ್ಟಿ, ಮತ್ತೆ ಕೂಡಿಕೊಂಡಾಗ ಇಗರ್ಜಿಯ ಕೊಯರ್ ಎಂಬ ಹಾಡಿನ ತಂಡದ ಮಾಸ್ತರರು ಅವನನ್ನು ಮುಂದಿನ ಬೆಂಚಿನಿಂದ ಎಬ್ಬಿಸಿ ಹಿಂದಿನ ಬೆಂಚಿಗೆ ಕಳಿಸಿದರು. “ಇನ್ನು ನೀನು ಸೆಕೆಂಡ್ಸ್” ಎಂದರು. ಯಾಕೆ ಏನು ಎಂದು ಅವನು ಕೇಳಲಿಲ್ಲ. ಮಂಗಳೂರು ಕಡೆಯ ಇಗರ್ಜಿಗಳಲ್ಲಿ ಹಾಡಿನ ಮುಖ್ಯ ರಾಗ ಹಿಡಿಯುವವರು ಫಸ್ಟ್ಸ್. ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿಳಿದು, ಅದರ ಜೊತೆಜೊತೆಗೇ ನಡೆಯುವವರು ಸೆಕೆಂಡ್ಸ್. ಪೂಜೆ ಮುಗಿಸಿ ಮನೆಗೆ ಹೋಗುವ ಜನ ಗುನುಗುವುದು ಫಸ್ಟ್ಸನ್ನು. ಸೆಕೆಂಡ್ಸನ್ನು ಯಾರೂ ಗುನುಗುವುದಿಲ್ಲ. ಆದರೆ ಒಂದು ಭಾನುವಾರ ಆ ಹಿಂದಿನ ಬೆಂಚು ಖಾಲಿ ಇರಲಿ, ಇವತ್ತು ಹಾಡು ಯಾಕೋ ಸಪ್ಪೆಯಾಯಿತಲ್ಲ ಎಂದು ಇಡೀ ಊರು ಮುಖ ಸಿಂಡರಿಸುತ್ತದೆ. ಉಪ್ಪಿನ ಬೆಲೆ ಉಪ್ಪಿಲ್ಲದ ದಿನ ಗೊತ್ತಾಗುವುದು ಹೊಸ ಸಂಗತಿಯೇನಲ್ಲ.

ಮುಂದಿನ ಬೆಂಚಿನಲ್ಲಿ ಅವನ ಜಾಗಕ್ಕೆ ಬಂದವನು ಅವನ ತಮ್ಮ ಹ್ಯಾರಿಸ್. ಅಣ್ಣನಿಗಿಂತ ಮೂರು ವರ್ಷ ಚಿಕ್ಕವನು. ನೋಡಲು ಲಕ್ಷಣವಾಗಿದ್ದ, ನಾಲ್ಕು ಜನ ಸೇರಿದಲ್ಲಿ ಐದನೆಯವನಾಗಿ ಸೇರಿ ಮಾತಾಡಬಲ್ಲವನಾಗಿದ್ದ, ದನಿಯಂತೂ ದೇವರು ಕೈಬಿಚ್ಚಿ ಕೊಟ್ಟದ್ದು. ಬಹರೈನಿನಲ್ಲಿ ಕ್ರೇನ್ ಓಡಿಸುತ್ತಿದ್ದ ಅಪ್ಪ ರಜೆಗೆ ಬರುವಾಗ ಪೆಟ್ಟಿಗೆ ತುಂಬ ಕಂಟ್ರಿ ಹಾಡುಗಳ ಕ್ಯಾಸೆಟ್ ತರುತ್ತಿದ್ದ. ಅಮೆರಿಕದ ದನಗಾಹಿಗಳ ಹಾಡು ಕರಾವಳಿಯ ಕ್ಯಾಥೊಲಿಕರಿಗೆ ಯಾಕೆ ಅಷ್ಟು ಹಿಡಿಸಿತೋ, ಪಂಡಿತರು ಹೇಳಬೇಕು. ತಾಯಿ, ರೈಲು, ಜೈಲು, ಬಿಟ್ಟು ಹೋದ ಹುಡುಗಿ, ದೂರದ ದುಡಿಮೆ: ಗಲ್ಫಿಗೆ ಗಂಡಸರನ್ನು ಕಳಿಸಿದ ಮನೆಗಳಿಗೆ ಅದರಲ್ಲಿ ಹೊರಗಿನದು ಎನ್ನಿಸುವಂಥದ್ದು ಏನೂ ಇರಲಿಲ್ಲ ಎಂದಷ್ಟೇ ಹೇಳಬಹುದು. ಅಣ್ಣ ತಮ್ಮ ಆ ಕ್ಯಾಸೆಟ್ಟುಗಳನ್ನು ಸವೆಯುವ ತನಕ ಕೇಳಿದರು. ಹ್ಯಾರಿಸ್ ಹಾಡಿದ, ನೋರ್ಬರ್ಟ್ ಅವನ ಕೆಳಗೆ ಹಾಡಿದ. ಯಾವ ಹಾಡಾದರೂ ತಮ್ಮ ಬಾಯಿ ತೆರೆದ ಕೂಡಲೇ ಅಣ್ಣನಿಗೆ ತನ್ನ ದಾರಿ ಕಾಣುತ್ತಿತ್ತು.

ಅಪ್ಪ ಐವತ್ತನಾಲ್ಕಕ್ಕೆ ಗಂಟಲಿನ ಕ್ಯಾನ್ಸರಿನಲ್ಲಿ ಹೋದ. ಕೊನೆಯ ಐದು ತಿಂಗಳು ಕುತ್ತಿಗೆಯಲ್ಲಿ ಒಂದು ತೂತು, ಅದರಲ್ಲೊಂದು ಕೊಳವೆ. ಹಾಡು ಕೇಳಿದರೆ ತಲೆಯಲ್ಲಾಡಿಸುತ್ತಿದ್ದ, ತುಟಿಯಲ್ಲಾಡಿಸುತ್ತಿದ್ದ, ಬರುತ್ತಿದ್ದದ್ದು ಬರೀ ಗಾಳಿ. ಆ ಗಾಳಿಯ ಸದ್ದು ನೋರ್ಬರ್ಟನ ಕಿವಿಯಿಂದ ಯಾವತ್ತೂ ಹೋಗಲಿಲ್ಲ.

ಎರಡು ಸಾವಿರದ ಹತ್ತರ ಹೊತ್ತಿಗೆ ಇಬ್ಬರೂ ಸಿಡ್ನಿಯಲ್ಲಿ, ಬ್ಲ್ಯಾಕ್‌ಟೌನಿನ ಒಂದೇ ಬಾಡಿಗೆ ಮನೆಯಲ್ಲಿದ್ದರು. ನೋರ್ಬರ್ಟ್ ಬಸ್ ಓಡಿಸುತ್ತಿದ್ದ. ಅವನ ಹೆಂಡತಿ ಲೂರ್ಡ್ಸ್ ವೃದ್ಧಾಶ್ರಮವೊಂದರಲ್ಲಿ ನರ್ಸ್. ಮಗಳು ಗ್ಲೆನಿಟಾಗೆ ಎರಡು ವರ್ಷ. ಹ್ಯಾರಿಸ್ ಮಾಲ್ ಒಂದರಲ್ಲಿ ಮೊಬೈಲ್ ಮಾರುತ್ತಿದ್ದ, ಮಾರುವುದಕ್ಕಿಂತ ಹೆಚ್ಚು ಹೊತ್ತು ಗಿರಾಕಿಗಳಿಗೆ ಹಾಡಿ ತೋರಿಸುತ್ತಿದ್ದ. ಹಾಗೆ ಕೇಳಿದ ಗಿರಾಕಿಯೊಬ್ಬ ಹತ್ತಿರದ ಕ್ಲಬ್ಬಿನ ಮ್ಯಾನೇಜರ್. ಭಾನುವಾರ ಮಧ್ಯಾಹ್ನ ಬಂದು ಅರ್ಧ ತಾಸು ಹಾಡಿ ಎಂದ.

ಆ ಕ್ಲಬ್ಬಿನಲ್ಲಿ ಭಾನುವಾರ ಸೇರುತ್ತಿದ್ದವರು ನಿವೃತ್ತ ಲಾರಿ ಡ್ರೈವರುಗಳು, ಕುರಿಯ ಉಣ್ಣೆ ಕತ್ತರಿಸಿ ಸೊಂಟ ಹೋದವರು, ಅವರ ಹೆಂಡಿರು. ಬಿಯರು, ಆಮೇಲೆ ಗೆದ್ದವರಿಗೆ ಒಂದು ಟ್ರೇ ಮಾಂಸ ಸಿಗುವ ಲಾಟರಿ, ಅದರ ಮಧ್ಯೆ ಹಾಡು. ಟೋಪಿ ಹಾಕಿಕೊಂಡ ಇಬ್ಬರು ಕಂದು ಬಣ್ಣದ ಗಂಡಸರು ವೇದಿಕೆ ಹತ್ತಿದಾಗ ಯಾರೋ ಕಿಸಕ್ಕೆಂದರು. ಮೊದಲ ಹಾಡಿನ ಎರಡನೆಯ ಸಾಲಿಗೆ ನೋರ್ಬರ್ಟ್ ಸೇರಿಕೊಂಡ. ನಗು ನಿಂತಿತು. ಮೂರನೆಯ ಹಾಡಿಗೆ ಲಾಟರಿಯ ನಂಬರ್ ಕೂಗುವವಳು ಕೂಗುವುದನ್ನೇ ಮರೆತಳು. ಇಳಿದು ಬಂದಾಗ ಒಬ್ಬ ಮುದುಕ ನೋರ್ಬರ್ಟನ ಭುಜ ಹಿಡಿದು, “ಒಂದೇ ತಾಯಿಯ ಹಾಲು ಕುಡಿದ ಗಂಟಲುಗಳು ಮಾತ್ರ ಹೀಗೆ ಕೂಡುತ್ತವೆ, ನೋಡು” ಎಂದ. ಅಂದು ಲಾಟರಿಯ ಮಾಂಸವನ್ನೂ ಇವರಿಗೇ ಕೊಟ್ಟು ಕಳಿಸಿದರು. ಲೂರ್ಡ್ಸ್ ಅದರಲ್ಲಿ ಅರ್ಧಕ್ಕೆ ಊರಿನ ಮಸಾಲೆ ಹಾಕಿ ಬಫಾತ್ ಮಾಡಿದಳು.

ಎರಡು ವರ್ಷ ಹಾಗೆ ನಡೆಯಿತು. ‘ರೆಬೆಲ್ಲೊ ಬ್ರದರ್ಸ್’ ಎಂದು ಬೋರ್ಡು ಬಿತ್ತು. ಕನ್ನಡ ಕೂಟದ ಕಾರ್ಯದರ್ಶಿ ಚಕ್ರಪಾಣಿಯವರು, ಮೈಸೂರಿನ ನಿವೃತ್ತ ಪ್ರೊಫೆಸರು, ರಾಜ್ಯೋತ್ಸವಕ್ಕೆ ಕರೆದು, “ನೀವಿಬ್ರೂ ಈ ಕೌಬಾಯ್ ಟೋಪಿ ತೆಗೆದು ಒಂದು ಭಾವಗೀತೆ ಹಾಡ್ಬಿಟ್ರೆ ಸಾಕು ಕಣ್ರೀ, ಆಡಿಟೋರಿಯಂ ಫುಲ್ ಆಗತ್ತೆ” ಎಂದರು. ಇವರು ಟೋಪಿ ತೆಗೆದು ಹಾಡಿದರು, ಮತ್ತೆ ಟೋಪಿ ಹಾಕಿಕೊಂಡು ಕ್ಲಬ್ಬಿಗೆ ಹೋದರು. ಎರಡು ಸಾವಿರದ ಹನ್ನೆರಡರ ಆರಂಭದಲ್ಲಿ ರೆಕಾರ್ಡ್ ಕಂಪನಿಯವನೊಬ್ಬ ಬಂದು ಕೂತು ಕೇಳಿದ. ಆಲ್ಬಮ್ ಮಾಡೋಣ, ಏಪ್ರಿಲ್‌ನಲ್ಲಿ ಸ್ಟುಡಿಯೋ ಬುಕ್ ಮಾಡುತ್ತೇನೆ ಎಂದ. ಆ ದಿನ ಮನೆಗೆ ಬರುವಾಗ ಹ್ಯಾರಿಸ್ ಕಾರಿನಲ್ಲಿ ಅತ್ತ. ನೋರ್ಬರ್ಟ್ ಅಳಲಿಲ್ಲ, ಆದರೆ ಮೂವತ್ತೆಂಟು ವರ್ಷದ ಜೀವನದಲ್ಲಿ ತಾನು ಏನಕ್ಕಾದರೂ ಬೇಕಾದವನು ಎಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು.

ಮಾರ್ಚಿನಲ್ಲಿ ಹ್ಯಾರಿಸನ ದನಿ ಸೀಳತೊಡಗಿತು. ಮೊದಲು ಮೇಲಿನ ಸ್ವರ ಹೋಯಿತು, ಆಮೇಲೆ ಮಾತೂ ಗೊರಗೊರ. ಆಸ್ಪತ್ರೆಯಲ್ಲಿ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿತಂತುವಿನ ಮೇಲೊಂದು ಗಂಟು. ತೆಗೆದು ಪರೀಕ್ಷೆಗೆ ಕಳಿಸಿದರು, ಹತ್ತು ದಿನ ಕಾಯಿರಿ ಎಂದರು, ಅಷ್ಟರವರೆಗೆ ಪಿಟ್ಟೆನ್ನಬೇಡಿ ಎಂದರು. ಹ್ಯಾರಿಸ್ ಸೋಫಾದಲ್ಲಿ ಕೂತು ಸ್ಲೇಟಿನಲ್ಲಿ ಬರೆದು ಮಾತಾಡತೊಡಗಿದ. ಮೂರನೆಯ ದಿನ ಏನೋ ಹೇಳಹೋಗಿ, ನೆನಪಾಗಿ ತಡೆದ. ತುಟಿ ಅಲ್ಲಾಡಿ ಗಾಳಿಯಷ್ಟೇ ಬಂತು. ನೋರ್ಬರ್ಟ್ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನ ಬಸ್ಸು ಕೊನೆಯ ಸ್ಟಾಪಿನಲ್ಲಿ ಎಂಟು ನಿಮಿಷ ನಿಂತಿತ್ತು. ಪ್ರಯಾಣಿಕರು ಯಾರೂ ಇರಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ನೋರ್ಬರ್ಟ್ ಹರಕೆ ಹೊತ್ತ. ಮಾತೆ ಮರಿಯಾ, ಅವನ ಗಂಟಲು ಅವನಿಗೆ ಕೊಡು, ಬದಲಿಗೆ ನನ್ನದನ್ನು ತೆಗೆದುಕೋ, ಸಾಯುವ ತನಕ ನಾನು ಹಾಡುವುದಿಲ್ಲ. ಸಾವಿರ ಮೇಣದಬತ್ತಿ ಎನ್ನಬಹುದಿತ್ತು, ವೇಲಂಕಣಿಗೆ ಬರುತ್ತೇನೆ ಎನ್ನಬಹುದಿತ್ತು. ಆದರೆ ಪುಡಿಗಾಸಿನ ಹರಕೆಗೆ ಪುಡಿಗಾಸಿನ ಫಲ ಎಂದು ಅವನ ತಾಯಿ, ಮಾಯ್, ಹೇಳಿಕೊಟ್ಟಿದ್ದಳು. ಕೊಡುವುದಾದರೆ ಕೊಟ್ಟರೆ ನೋಯುವಂಥದ್ದನ್ನೇ ಕೊಡಬೇಕು. ಅವನ ಹತ್ತಿರ ಅಂಥದ್ದು ಇದ್ದದ್ದು ಅದೊಂದೇ.

ಮಾಯ್ ಇನ್ನೊಂದನ್ನೂ ಹೇಳಿಕೊಟ್ಟಿದ್ದಳು. ಹರಕೆ ತೀರುವ ತನಕ ಬಾಯಿಬಿಡಬಾರದು, ಬಾಯಿಬಿಟ್ಟ ಹರಕೆ ಒಡೆದ ಮೊಟ್ಟೆ. ನೋರ್ಬರ್ಟ್ ಆ ಎಂಟು ನಿಮಿಷದಲ್ಲಿ ಈ ಎರಡನ್ನೂ ಜೋಡಿಸಿ ನೋಡಲಿಲ್ಲ. ಸಾಯುವ ತನಕದ ಹರಕೆ ತೀರುವುದು ಸತ್ತ ಮೇಲೆಯೇ. ಅಂದರೆ ಅದನ್ನು ಅವನು ಬದುಕಿರುವಾಗ ಯಾರಿಗೂ ಹೇಳುವಂತೆಯೇ ಇಲ್ಲ. ತನ್ನ ಕೈಯಾರೆ ಬಾಗಿಲು ಹಾಕಿಕೊಂಡು, ಬೀಗದಕೈಯನ್ನು ಹೊರಗೆಸೆದ ಹಾಗಾಯಿತು.

ಹತ್ತನೆಯ ದಿನ ವರದಿ ಬಂತು. ಕ್ಯಾನ್ಸರ್ ಅಲ್ಲ. ಆರು ವಾರ ವಿಶ್ರಾಂತಿ, ಆಮೇಲೆ ಗಂಟಲಿನ ವ್ಯಾಯಾಮ, ಅಷ್ಟೇ. ಲೂರ್ಡ್ಸ್ ಮೊಣಕಾಲೂರಿ ಜಪಸರ ಹಿಡಿದಳು. ಹ್ಯಾರಿಸ್ ಸ್ಲೇಟಿನಲ್ಲಿ ದೊಡ್ಡದಾಗಿ ‘ಸ್ಟುಡಿಯೋ ಜೂನ್’ ಎಂದು ಬರೆದು ಅಣ್ಣನ ಮುಖದ ಮುಂದೆ ಹಿಡಿದ. ನೋರ್ಬರ್ಟ್ ಅವನನ್ನು ಬಿಗಿಯಾಗಿ ತಬ್ಬಿಕೊಂಡ. ಆ ಒಂದು ದಿನ ಅವನಷ್ಟು ಸಂತೋಷಪಟ್ಟವರು ಸಿಡ್ನಿಯಲ್ಲಿ ಯಾರೂ ಇರಲಿಲ್ಲ.

ಜೂನ್ ಬಂತು. “ಅಣ್ಣ, ಶನಿವಾರ ರಿಹರ್ಸಲ್” ಎಂದ ಹ್ಯಾರಿಸ್. ದನಿ ವಾಪಸು ಬಂದಿತ್ತು, ಅಂಚಿನಲ್ಲಿ ಒಂದು ಚೂರು ಒರಟಾಗಿ.

“ನಾನು ಬರುವುದಿಲ್ಲ” ಎಂದ ನೋರ್ಬರ್ಟ್.

“ಡ್ಯೂಟಿ ಉಂಟಾ? ಹಾಗಾದ್ರೆ ಭಾನುವಾರ ಮಾಡುವ.”

“ಭಾನುವಾರವೂ ಇಲ್ಲ. ನನಗೆ ಹಾಡುವುದು ಸಾಕಾಯ್ತು, ಹ್ಯಾರಿ.”

“ಎಂತ ತಮಾಷೆ ಮಾರಾಯ ಇದು?”

ತಮಾಷೆಯಲ್ಲ ಎಂದು ಗೊತ್ತಾಗಲು ಹ್ಯಾರಿಸನಿಗೆ ಎರಡು ವಾರ ಹಿಡಿಯಿತು. ಮೊದಲು ಕೇಳಿದ, ಆಮೇಲೆ ಬೇಡಿದ, ಆಮೇಲೆ ಲೂರ್ಡ್ಸಳ ಕೈಯಲ್ಲಿ ಹೇಳಿಸಿದ, ಕೊನೆಗೆ ಕೂಗಾಡಿದ. “ನನ್ನ ಗಂಟಲು ಹಾಳಾದಾಗ ನಿನಗೊಂದು ಆಸೆ ಹುಟ್ಟಿತಾ? ಇನ್ನು ಇವನ ಕೆಳಗೆ ಹಾಡಬೇಕಾಗಿಲ್ಲ ಅಂತ? ಅದು ಸರಿಯಾದದ್ದು ನಿನಗೆ ಬೇಸರವಾ? ಹೇಳು ಅಣ್ಣ!” ನೋರ್ಬರ್ಟ್ ಸುಮ್ಮನೆ ನಿಂತ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೌದು ಎಂದೂ ಇಲ್ಲ ಎಂದೂ ಹೇಳದವನ ಮೌನಕ್ಕೆ ಕೇಳುವವನು ತನಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾನೆ.

ಆ ಸೆಪ್ಟೆಂಬರಿನಲ್ಲಿ ನೋರ್ಬರ್ಟ್ ಹೆಂಡತಿ ಮಗಳನ್ನು ಕರೆದುಕೊಂಡು ಮೆಲ್ಬರ್ನಿಗೆ ಹೋದ. ಲೂರ್ಡ್ಸಳ ಕಸಿನ್ ಒಬ್ಬಳು ಟಾರ್ನೀಟ್‌ನಲ್ಲಿದ್ದಳು, ಅಲ್ಲಿ ಮನೆ ಅಗ್ಗ ಎಂದು ನೆಪ. ನಿಜ ಹೇಳಬೇಕೆಂದರೆ ಕೇಳುವ ಬಾಯಿಯಿಂದ ದೂರ ಹೋಗಬೇಕಿತ್ತು. ಶೀತಲ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ ಸಿಕ್ಕಿತು. ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಬಟಾಣಿಯ ಪೆಟ್ಟಿಗೆಗಳನ್ನು ಎತ್ತಿಡುವುದು. ಅಲ್ಲಿ ಯಾರೂ ಹಾಡುತ್ತಿರಲಿಲ್ಲ, ಅದೊಂದು ಅನುಕೂಲ.

ಹ್ಯಾರಿಸ್ ಒಬ್ಬನೇ ಸ್ಟುಡಿಯೋಕ್ಕೆ ಹೋದ. ಕಂಪನಿಯವರು ಸೆಕೆಂಡ್ಸಿಗೆ ಬೇರೆ ಬೇರೆಯವರನ್ನು ಕರೆಸಿ ನೋಡಿದರು, ಯಾರದ್ದೂ ಕೂಡಲಿಲ್ಲ. ಆಗ ಅವನು ಸಿಟ್ಟಿನಲ್ಲಿ ಒಂದು ಹಾಡು ಬರೆದ. ‘ನನ್ನ ಎಡಗಡೆ’ ಎಂದು ಅದರ ಹೆಸರಿನ ಅರ್ಥ. ಎಡಗಡೆ ನಿಂತು ಹಾಡುತ್ತಿದ್ದ ಅಣ್ಣನೊಬ್ಬ, ತಮ್ಮ ಸಾವಿನ ಬಾಗಿಲಿಂದ ತಿರುಗಿ ಬಂದಾಗ ಎದ್ದು ಹೋದವನು, ಯಾಕೆಂದು ಹೇಳದೇ ಹೋದವನು. ಪಲ್ಲವಿಯ ಕೊನೆಯ ಸಾಲಿನಲ್ಲಿ ಹ್ಯಾರಿಸ್ ಹಾಡುವುದನ್ನು ನಿಲ್ಲಿಸುತ್ತಾನೆ, ಗಿಟಾರು ಮಾತ್ರ ನಡೆಯುತ್ತದೆ, ಸೆಕೆಂಡ್ಸ್ ಇರಬೇಕಾದ ಜಾಗ ಖಾಲಿ. ಆ ಖಾಲಿ ಜಾಗವೇ ಜನರನ್ನು ಅಲ್ಲಾಡಿಸಿತು. ಎಲ್ಲರ ಮನೆಯಲ್ಲೂ ಮಾತು ಬಿಟ್ಟ ಒಬ್ಬ ಅಣ್ಣನೋ ತಮ್ಮನೋ ಇದ್ದೇ ಇರುತ್ತಾನಲ್ಲ.

ಎರಡು ಸಾವಿರದ ಹದಿನಾಲ್ಕರಲ್ಲಿ ರೇಡಿಯೋದಲ್ಲಿ ಬಂತು. ಮರುವರ್ಷ ಹ್ಯಾರಿಸ್ ಮಾಲಿನ ಕೆಲಸ ಬಿಟ್ಟ. ಮೊದಲು ಹಳ್ಳಿಗಾಡಿನ ಹಬ್ಬಗಳಲ್ಲಿ, ಆಮೇಲೆ ದೊಡ್ಡ ಸಭಾಂಗಣಗಳಲ್ಲಿ, ಎಡಗಡೆ ಒಂದು ಖಾಲಿ ಮೈಕು ನಿಲ್ಲಿಸಿ ಹಾಡಿದ. ಬಹುಮಾನ ಬಂತು, ಟಿವಿ ಬಂತು, ಜೋವಿಟಾ ಎಂಬ ಹೆಂಡತಿ ಬಂದಳು, ಕೆಲ್ಲಿವಿಲ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಬಂತು. ಮಂಗಳೂರಿನ ಒಬ್ಬ ಕ್ಯಾಥೊಲಿಕ್ ಹುಡುಗ ಆಸ್ಟ್ರೇಲಿಯದ ದನಗಾಹಿಗಳಿಗೆ ಅವರದೇ ಹಾಡು ಹಾಡಿ ಅಳಿಸಿದ ಎಂದರೆ ಸಣ್ಣ ಮಾತೇ? ಹೆಮ್ಮೆ ಪಡದವರಿಲ್ಲ. ಹೆಚ್ಚು ಹೆಮ್ಮೆಪಟ್ಟವನು ಟಾರ್ನೀಟ್‌ನಲ್ಲಿದ್ದ, ಆದರೆ ಅವನನ್ನು ಕೇಳಿದವರಾರು?

ಅವನನ್ನು ನೋಡಿದವರು ಮಾತ್ರ ಬಹಳ ಮಂದಿ. ಚಕ್ರಪಾಣಿಯವರ ವಾಟ್ಸ್ಯಾಪ್ ಸಿಡ್ನಿಯಿಂದ ಮೆಲ್ಬರ್ನಿಗೆ ವಿಮಾನಕ್ಕಿಂತ ಬೇಗ ತಲುಪುತ್ತಿತ್ತು. “ಆ ಸಾಂಗಲ್ಲಿ ಬರೋ ಅಣ್ಣ ಇವ್ನೇ ಕಣ್ರೀ. ಹೊಟ್ಟೆಕಿಚ್ಚು. ಸ್ವಂತ ತಮ್ಮನ ಮೇಲೆ!” ಇಂಡಿಯನ್ ಅಂಗಡಿಯಲ್ಲಿ ಕುಚ್ಚಲಕ್ಕಿಯ ಚೀಲ ಎತ್ತುವಾಗ ಬೆನ್ನಿನ ಹಿಂದೆ ಪಿಸುಮಾತು ನಿಲ್ಲುವುದು ನೋರ್ಬರ್ಟನಿಗೆ ಗೊತ್ತಾಗುತ್ತಿತ್ತು. ಪೂಜೆಯಲ್ಲಿ ಎಲ್ಲರೂ ಹಾಡುವಾಗ ಅವನು ತುಟಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ತುಟಿ ಅಲ್ಲಾಡಿಸಿದರೆ ಹರಕೆಗೆ ಮೋಸ ಎಂದು ಅವನ ಲೆಕ್ಕಾಚಾರ. ಮಗಳ ಹುಟ್ಟುಹಬ್ಬಕ್ಕೆ ಎಲ್ಲರೂ ಹಾಡುವಾಗ ಕೇಕಿನ ಚಾಕು ಹುಡುಕಲು ಅಡುಗೆಮನೆಗೆ ಹೋಗುತ್ತಿದ್ದ. ಪ್ರತಿ ವರ್ಷ ಅದೇ ಚಾಕು. ಗ್ಲೆನಿಟಾ ತನ್ನ ಗೆಳತಿಯರಿಗೆ ಇಂಗ್ಲಿಷಿನಲ್ಲಿ, “ಡ್ಯಾಡಿಗೆ ಒಂದು ಸ್ವರವೂ ಹಿಡಿಯಲ್ಲ, ಎಲ್ಲಾ ಅಂಕಲ್ ಹ್ಯಾರಿಸ್‌ಗೇ ಹೋಯ್ತು” ಎನ್ನುತ್ತಿದ್ದಳು. ಅವಳ ತಪ್ಪೇನೂ ಇಲ್ಲ. ಅವನ ಹಾಡು ಕೇಳಿದ ನೆನಪು ಅವಳಿಗಿದ್ದರೆ ತಾನೆ?

ಲೂರ್ಡ್ಸ್ ಒಂದು ಸಲ ಕೇಳಿದಳು. ಪಾತ್ರೆ ತೊಳೆಯುತ್ತ, ಮುಖ ತಿರುಗಿಸದೆ, “ನಿಮಗೆ ಅವನ ಮೇಲೆ ನಿಜವಾಗಿ ಹೊಟ್ಟೆಕಿಚ್ಚಾ?” ಎಂದು. ಇಪ್ಪತ್ತು ವರ್ಷ ಜೊತೆಗಿದ್ದವಳಿಗೂ ಆ ಪ್ರಶ್ನೆ ಹುಟ್ಟಿತಲ್ಲ ಎಂದು ನೋರ್ಬರ್ಟನ ಎದೆಗೆ ಒದ್ದ ಹಾಗಾಯಿತು. “ಇಲ್ಲ” ಎಂದ. ಅವಳು ನಂಬಲಿಲ್ಲ. ಅಂದಿನಿಂದ ಮನೆಯಲ್ಲಿ ಹ್ಯಾರಿಸನ ಹೆಸರು ಎತ್ತುವುದನ್ನೇ ಬಿಟ್ಟಳು.

ಹೀಗೆ ಏಳು ವರ್ಷ. ಹರಕೆಯನ್ನು ಪಾದ್ರಿಯ ಹತ್ತಿರವಾದರೂ ಹೇಳಬಹುದಿತ್ತಲ್ಲ ಎಂದರೆ, ಪಾಪನಿವೇದನೆಯಲ್ಲಿ ಹೇಳುವುದು ಪಾಪವನ್ನು, ಹರಕೆ ಪಾಪವೇ? ಅವನಿಗೆ ಹೊಳೆಯಲೇ ಇಲ್ಲ.

ಎರಡು ಸಾವಿರದ ಹತ್ತೊಂಬತ್ತರ ಮೇ ತಿಂಗಳಲ್ಲಿ ಫಾದರ್ ಅಪೊಲಿನಾರಿಸ್ ಮಧ್ಯಾಹ್ನದ ಊಟಕ್ಕೆ ಬಂದರು. ಇವರ ಇಗರ್ಜಿಗೆ ಹೊಸದಾಗಿ ಬಂದ ಪಾದ್ರಿ, ಬೆಳ್ತಂಗಡಿ ಕಡೆಯವರು, ಹಂದಿಮಾಂಸ ಕಂಡರೆ ಉಪದೇಶ ಮರೆಯುವ ಪೈಕಿ. ಊಟದ ಮಧ್ಯೆ ಲೂರ್ಡ್ಸ್ ತನ್ನದೊಂದು ಸಂಕಟ ತೋಡಿಕೊಂಡಳು. ಮಗಳಿಗೆ ನ್ಯುಮೋನಿಯ ಆದಾಗ ಐದು ವರ್ಷ ಸಾಲಾಗಿ ಊರಿನ ಕಡೆಯ ಅತ್ತೂರು ಇಗರ್ಜಿಯ ಹಬ್ಬಕ್ಕೆ ಹೋಗುತ್ತೇನೆ ಎಂದು ಹರಕೆ ಹೊತ್ತದ್ದು, ಜನವರಿಯಲ್ಲಿ ರಜೆಯೇ ಸಿಗುವುದಿಲ್ಲ, ಏನು ಮಾಡುವುದು?

“ಅದಕ್ಕೆಂತ ಇಷ್ಟು ತಲೆಬಿಸಿ, ಲೂರ್ಡ್ಸ್ ಬಾಯಿ?” ಎಂದರು ಫಾದರ್, ಮೂಳೆ ತಟ್ಟೆಯ ಅಂಚಿಗಿಟ್ಟು. “ಬದಲಾಯಿಸುವ. ಐದು ಜನ ರೋಗಿಗಳನ್ನು ನೋಡಿ ಬನ್ನಿ, ಮುಗೀತು. ನಾನು ಹೇಳಿದ್ರೆ ಆಯ್ತು, ನನಗೆ ಆ ಅಧಿಕಾರ ಉಂಟು. ನಿಜ ಹೇಳಿದ್ರೆ ನಾನೂ ಬೇಡ. ಅದಕ್ಕಿಂತ ಒಳ್ಳೆ ಕೆಲಸಕ್ಕೆ ನೀವೇ ಬದಲಾಯಿಸಿಕೊಳ್ಳಬಹುದು. ದೇವರೇನು ಬಡ್ಡಿ ವಸೂಲಿಯವನಾ?”

ನೋರ್ಬರ್ಟನ ಕೈಯಲ್ಲಿದ್ದ ಸನ್ನ ಇಡ್ಲಿಯ ತುಂಡು ಕೈಯಲ್ಲೇ ಉಳಿಯಿತು.

ಫಾದರನ್ನು ಕಾರಿನ ತನಕ ಬಿಡುವ ನೆಪದಲ್ಲಿ ಹೊರಗೆ ಬಂದು, ಬೇಲಿಯ ಪಕ್ಕ ನಿಂತು, ಏಳು ವರ್ಷದಲ್ಲಿ ಮೊದಲ ಸಲ ಅವನು ಅದನ್ನು ಬಾಯಿಬಿಟ್ಟು ಹೇಳಿದ. ಮೂರೇ ಮೂರು ವಾಕ್ಯದಲ್ಲಿ ಮುಗಿಯಿತು. ಫಾದರ್ ಕಾರಿನ ಕೀಯನ್ನು ಮತ್ತೆ ಜೇಬಿಗೆ ಹಾಕಿದರು. ನಗುವುದು ಬಿಟ್ಟಿದ್ದರು.

“ಏಳು ವರ್ಷ? ಯಾರ ಹತ್ತಿರವೂ ಕೇಳಲಿಲ್ಲವಾ, ನೋರ್ಬರ್ಟ್?”

“ಕೇಳ್ಬಹುದು ಅಂತ ಗೊತ್ತಿರಲಿಲ್ಲ ಫಾದರ್.”

ಫಾದರ್ ಅವನ ತಲೆಯ ಮೇಲೆ ಕೈಯಿಟ್ಟು ಬಿಡುಗಡೆ ಮಾಡಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ನೋರ್ಬರ್ಟನಿಗೆ ಹಗುರಾಗಬೇಕಿತ್ತು. ಆದರೆ ಒಂದು ನಿಮಿಷದ ಕೆಲಸಕ್ಕೆ ತಾನು ಏಳು ವರ್ಷ ತೆತ್ತೆ ಎನ್ನುವುದನ್ನು ತಿಳಿದ ಮನುಷ್ಯ ಹೇಗೆ ಹಗುರಾಗುತ್ತಾನೆ? ಅವನು ಶೆಡ್ಡಿನ ಹಿಂದೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಅತ್ತ.

ಎರಡು ವಾರ ಕಳೆದು ಜೂನಿನಲ್ಲಿ, ಕಂಪನಿಯ ಟ್ರೈನಿಂಗ್ ಎಂದು ಹೆಂಡತಿಗೆ ಸುಳ್ಳು ಹೇಳಿ ಸಿಡ್ನಿಗೆ ಹೊರಟ. ಮೊದಲು ತಮ್ಮನಿಗೆ ಹೇಳಬೇಕು, ಆಮೇಲೆ ಎಲ್ಲರಿಗೂ. ಅಷ್ಟು ದಿನ ಗೋದಾಮಿನ ಚಳಿಯಲ್ಲಿ, ಫೋರ್ಕ್‌ಲಿಫ್ಟಿನ ಮೋಟಾರಿನ ಸದ್ದಿನ ಕೆಳಗೆ, ಯಾರಿಗೂ ಕೇಳದಂತೆ ದನಿ ಹದಮಾಡಿಕೊಂಡಿದ್ದ. ಮೊದಲ ದಿನ ಕಿರುಗುಟ್ಟಿತು. ಹತ್ತನೆಯ ದಿನ ಎಲ್ಲ ಮೆಟ್ಟಿಲೂ ಸಿಕ್ಕಿದವು. ಹೊಸ ಮೆಟ್ರೋದಲ್ಲಿ ಕೆಲ್ಲಿವಿಲ್‌ಗೆ ಹೋಗುವಾಗ ಅವನು ತಮ್ಮನ ಮನೆಯಲ್ಲಿ ಏನೇನು ನಡೆಯುತ್ತದೆಂದು ಯೋಚಿಸಿದ. ಹ್ಯಾರಿ ಬೈಯುತ್ತಾನೆ. ಅಳುತ್ತಾನೆ. ಆಮೇಲೆ ಗಿಟಾರು ತೆಗೆಯುತ್ತಾನೆ.

ಮೂರೂ ನಡೆದವು. ಹ್ಯಾರಿಸ್ ಬಾಗಿಲಲ್ಲಿ ಅವನನ್ನು ಕಂಡು ಬೆಚ್ಚಿದ, ಒಳಗೆ ಕರೆದ. ಜೋವಿಟಾ ಕೆಲಸಕ್ಕೆ ಹೋಗಿದ್ದಳು. ಅಡುಗೆಮನೆಯ ಮೇಜಿನಲ್ಲಿ ಕೂತು ನೋರ್ಬರ್ಟ್ ಹೇಳಿದ. ಬಸ್ಸು, ಎಂಟು ನಿಮಿಷ, ಮಾತೆ ಮರಿಯಾ.

“ಯಾರು ಹೇಳಿದ್ದು ನಿನಗೆ?” ಎಂದ ಹ್ಯಾರಿಸ್. “ನಾನು ಕೇಳಿದ್ದೆನಾ? ಅದು ಬರೀ ಗಂಟು ಅಣ್ಣ, ನೀನು ಹರಕೆ ಹೊರುವ ಮೊದಲೇ ಬರೀ ಗಂಟು. ತೆಗೆದು ಡಬ್ಬಿಯಲ್ಲಿ ಹಾಕಿ ಆಗಿತ್ತು. ನಿನ್ನ ದನಿ ತಕ್ಕೊಂಡು ಮಾತೆ ಮರಿಯಾ ಎಂತ ಮಾಡ್ತಾಳೆ? ಏಳು ವರ್ಷ ನೀನು ನನ್ನ ಬಿಟ್ಟು ಹೋದವ ಅಂತ ನಾನು… ಒಂದು ಮಾತು ಹೇಳ್ಲಿಕ್ಕೆ ಆಗಲಿಲ್ಲವಾ ನಿನಗೆ?”

ಮೇಜಿನ ಮೇಲೆ ತಲೆಯಿಟ್ಟು ಅವನು ಅತ್ತ. ನೋರ್ಬರ್ಟ್ ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತ. ಎಷ್ಟೋ ಹೊತ್ತಿನ ಮೇಲೆ ಹ್ಯಾರಿಸ್ ಮುಖ ತೊಳೆದು ಗಿಟಾರು ತಂದ. ಏನೂ ಹೇಳದೆ ‘ನನ್ನ ಎಡಗಡೆ’ ಹಿಡಿದ. ನೋರ್ಬರ್ಟ್ ಆ ಹಾಡನ್ನು ಒಮ್ಮೆಯೂ ಹಾಡಿರಲಿಲ್ಲ, ಆದರೆ ಐದು ವರ್ಷ ಒಳಗೊಳಗೇ ಅದರ ಕೆಳಗೆ ನಡೆದಿದ್ದ. ಎರಡನೆಯ ಸಾಲಿಗೆ ಸೇರಿಕೊಂಡ. ಒರಟಾದ ಮೇಲಿನ ದನಿ, ಅದರ ಕೆಳಗೆ ಅಣ್ಣನ ದನಿ. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಹೇಳಲು ಬಾರದಂತೆ ಕೂಡಿದವು. ಪಲ್ಲವಿಯ ಕೊನೆಗೆ, ಇಷ್ಟು ವರ್ಷ ಗಿಟಾರು ಮಾತ್ರ ನಡೆದ ಜಾಗದಲ್ಲಿ, ನೋರ್ಬರ್ಟ್ ಹಾಡಿದ. ಹಾಡು ತುಂಬಿತು.

ಹ್ಯಾರಿಸ್ ತಂತಿಗಳ ಮೇಲೆ ಕೈಯಿಟ್ಟು ಸದ್ದು ನಿಲ್ಲಿಸಿದ. ಕಿಟಕಿಯ ಕಡೆ ತಿರುಗಿದ.

“ಚಂದ ಆಯ್ತು” ಎಂದ. ಆಮೇಲೆ, “ಯಾರಿಗೂ ಹೇಳ್ಬೇಡ ಅಣ್ಣ” ಎಂದ.

ನೋರ್ಬರ್ಟನಿಗೆ ಅರ್ಥವಾಗಲಿಲ್ಲ.

“ಹರಕೆಯ ವಿಷಯ. ಇವತ್ತು ಹಾಡಿದ್ದು. ಯಾರಿಗೂ. ಅತ್ತಿಗೆಗೂ ಬೇಡ. ಆಗಸ್ಟಿನಿಂದ ಇಪ್ಪತ್ತೆರಡು ಊರಿನ ಟೂರ್ ಉಂಟು. ಜನ ಆ ಖಾಲಿ ಜಾಗಕ್ಕೇ ಬರುವುದು. ಎಷ್ಟೋ ಗಂಡಸರು ಆ ಹಾಡು ಕೇಳಿ ತಮ್ಮ ಅಣ್ಣನಿಗೆ ಫೋನ್ ಮಾಡಿದೆವು ಅಂತ ನನಗೆ ಬರೀತಾರೆ. ಅವರಿಗೆ ನಾನೇನು ಹೇಳ್ಲಿ? ನನ್ನ ಅಣ್ಣ ಬಿಟ್ಟು ಹೋಗಲೇ ಇಲ್ಲ, ನನಗಾಗಿ ಬಾಯಿ ಮುಚ್ಚಿಕೊಂಡಿದ್ದ, ನಾನು ಅವನನ್ನು ಬೈದು ಮನೆ ಕಟ್ಟಿದೆ ಅಂತವಾ?” ಅವನು ಅಣ್ಣನ ಕಡೆ ತಿರುಗಲಿಲ್ಲ. “ನೀನು ಅಲ್ಲಿ ಬಂದು ನಿಂತ್ರೆ ನನ್ನ ಹತ್ತಿರ ಹಾಡ್ಲಿಕ್ಕೆ ಎಂತ ಉಳೀತದೆ?”

ನೋರ್ಬರ್ಟ್ ಕುರ್ಚಿಯಿಂದ ಎದ್ದ. ಬೈಯಬಹುದಿತ್ತು. ಬೈಯಲು ಬೇಕಾದಷ್ಟು ಕಾರಣವಿತ್ತು, ಬೈದರೆ ತಮ್ಮ ಕೇಳುತ್ತಲೂ ಇದ್ದ. ಆದರೆ ಜೀವಮಾನವಿಡೀ ತಮ್ಮ ಎತ್ತಿದ ರಾಗದ ಕೆಳಗೆ ತನ್ನ ದಾರಿ ಹುಡುಕಿಕೊಂಡವನಿಗೆ ಬೇರೆ ಅಭ್ಯಾಸವಿರಲಿಲ್ಲ. “ಆಯ್ತು” ಎಂದ. ಹ್ಯಾರಿಸ್ ಅವನನ್ನು ಸ್ಟೇಷನ್ನಿನ ತನಕ ಕಾರಿನಲ್ಲಿ ಬಿಟ್ಟ. ಇಳಿಯುವಾಗ, “ಮೆಲ್ಬರ್ನ್ ಶೋಗೆ ಟಿಕೆಟ್ ಕಳಿಸ್ತೇನೆ, ಮೂರು ಜನ ಬನ್ನಿ” ಎಂದ. ಮಾತೆ ಮರಿಯಾಳಿಗೆ ಕೊಟ್ಟ ಮಾತನ್ನು ಬಿಡಿಸಲು ಒಬ್ಬ ಪಾದ್ರಿ ಸಾಕಾಗಿತ್ತು. ತಮ್ಮನಿಗೆ ಕೊಟ್ಟದ್ದನ್ನು ಬಿಡಿಸುವವರು ಯಾರೂ ಇಲ್ಲ ಎಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಅವನಿಗೆ ಗೊತ್ತಾಯಿತು.

ಟಿಕೆಟ್ ಬಂತು. ಹೋಗುವುದು ಬೇಡ ಎಂದು ನೋರ್ಬರ್ಟ್ ಹೇಳಿ ನೋಡಿದ. ಲೂರ್ಡ್ಸ್, “ಅವನಾಗಿ ಕರೆದಿದ್ದಾನೆ, ನೀವು ಇಷ್ಟಾದರೂ ದೊಡ್ಡ ಮನಸ್ಸು ಮಾಡಿ” ಎಂದಳು. ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನದ ಆಟ, ಎರಡು ಸಾವಿರ ಜನ, ಏಳನೆಯ ಸಾಲು. ಹ್ಯಾರಿಸ್ ಚೆನ್ನಾಗಿ ಹಾಡಿದ. ಅವನು ಇಷ್ಟು ಚೆನ್ನಾಗಿ ಹಾಡಿದ್ದನ್ನು ನೋರ್ಬರ್ಟ್ ಹಿಂದೆ ಕೇಳಿರಲಿಲ್ಲ. ಕೊನೆಗೆ ‘ನನ್ನ ಎಡಗಡೆ’ ಬಂತು. ಜನ ಎದ್ದು ನಿಂತರು. ಪಲ್ಲವಿಯ ಕೊನೆಗೆ ಹ್ಯಾರಿಸ್ ಹಾಡುವುದನ್ನು ನಿಲ್ಲಿಸಿ, ಖಾಲಿ ಮೈಕಿನ ಕಡೆ ತಿರುಗಿ, ಎರಡೂ ಕೈಯನ್ನು ಸಭೆಯತ್ತ ಚಾಚಿದ. ಎರಡು ಸಾವಿರ ಜನ ಆ ಖಾಲಿ ಜಾಗದಲ್ಲಿ ಹಾಡತೊಡಗಿದರು. ಅವರು ಹಾಡಿದ್ದು ಸೆಕೆಂಡ್ಸ್ ಅಲ್ಲ, ಬರೀ ಮೇಲಿನ ರಾಗ, ಅದೂ ಅರ್ಧ ಸ್ವರ ತಪ್ಪಿ. ಗ್ಲೆನಿಟಾ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಲೂರ್ಡ್ಸ್ ಕೂಡ ಹಾಡುತ್ತಿದ್ದಳು, ಕಣ್ಣೀರು ಸುರಿಸುತ್ತ, ಗಂಡನ ಕಡೆ ನೋಡದೆ.

ಪಕ್ಕದಲ್ಲಿ ನಿಂತಿದ್ದ ಟೋಪಿಯ ಮುದುಕಿಯೊಬ್ಬಳು ನೋರ್ಬರ್ಟನ ಮೊಣಕೈ ತಟ್ಟಿ, “ಹಾಡಪ್ಪ, ಇಷ್ಟು ಎಲ್ಲರಿಗೂ ಬರುತ್ತೆ” ಎಂದಳು.

“ನನಗೆ ಹಾಡಲು ಬರುವುದಿಲ್ಲ” ಎಂದ ನೋರ್ಬರ್ಟ್.